ಹೆಣ್ಣಿನ ಹಸಿವಿಗೂ ಒಂದು ಲೆಕ್ಕವಿದೆ



ನಮ್ಮ ಭೋರ್ ಅಕ್ಕಿಯ ಸೀಮೆ. ಪಂತ ಸಚಿವರ ಸಂಸ್ಥಾನವಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ ಈ ಊರಿಗೆ ಧಾರವಾಡದಿಂದ ಸೊಸೆಯಾಗಿ ಬಂದ ನಾನು, ಜೋಳದ ರೊಟ್ಟಿಯ ಜೊತೆಗೆ ಇಂದ್ರಾಯಣಿ ಅನ್ನಕ್ಕೂ ಹೊಂದಿಕೊಂಡೆ. ಆದರೆ ಅಲ್ಲಿಯೂ ಇಲ್ಲಿಯೂ ಒಂದು ಮಾತು ಮಾತ್ರ ಒಂದೇ: ಹೆಣ್ಣುಮಗಳು ಎರಡು ತುತ್ತು ಹೆಚ್ಚು ಉಂಡರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ.

ಕಾಲೇಜು ಓದುವ ನನ್ನ ಮಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. "ಅವ್ವಾ, ಎಷ್ಟು ಉಂಡರೂ ಹೊಟ್ಟಿ ತುಂಬವಲ್ತು" ಎಂದು ತಿಂಗಳಲ್ಲಿ ಕೆಲವು ದಿನ ಅನ್ನುತ್ತಿದ್ದಳು. ಮದುವೆಮನೆಯೊಂದರಲ್ಲಿ ಬಂಧುವೊಬ್ಬರು ಅವಳ ತಟ್ಟೆ ನೋಡಿ ನಕ್ಕರು. ಅಂದಿನಿಂದ ರಾತ್ರಿಯ ಊಟ ನಿಂತಿತು. ಕೆಲವು ತಿಂಗಳಲ್ಲಿ ಮುಟ್ಟೂ ನಿಂತಿತು. ಪುಣೆಯ ವೈದ್ಯರು ಪರೀಕ್ಷೆಗಳನ್ನೆಲ್ಲ ಮಾಡಿಸಿ, "ಇವಳಿಗೆ ಬೇಕಾದ ಮೊದಲ ಔಷಧ ಊಟ" ಎಂದರು. ಆಗ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಹಸಿವು ಬರೀ ಹೊಟ್ಟೆಯ ವ್ಯವಹಾರವಲ್ಲ. ಅದರ ಹತೋಟಿ ಮೆದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿದೆ. ಅಲ್ಲಿಗೆ ಸುದ್ದಿ ಒಯ್ಯುವ ಹಾರ್ಮೋನುಗಳು ಹಲವು. ದೇಹದ ಕೊಬ್ಬಿನಿಂದ ಹೊರಡುವ ಲೆಪ್ಟಿನ್ "ಕಣಜದಲ್ಲಿ ದಾಸ್ತಾನಿದೆ" ಎನ್ನುತ್ತದೆ. ಇದನ್ನು 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಕಂಡುಹಿಡಿಯಿತು. ಬರಿಹೊಟ್ಟೆಯಿಂದ ಹೊರಡುವ ಗ್ರೆಲಿನ್ "ಉಣ್ಣು" ಎನ್ನುತ್ತದೆ. ಇದು 1999ರಲ್ಲಿ ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರ ಶೋಧ. ಉಂಡ ಮೇಲೆ ಕರುಳಿನಿಂದ ಬರುವ ಕೊಲೆಸಿಸ್ಟೊಕೈನಿನ್ "ಸಾಕು" ಎನ್ನುತ್ತದೆ.

ಈ ಸುದ್ದಿಗಳ ದನಿಯನ್ನು ಏರಿಸಿ ಇಳಿಸುವುದು ಹೆಣ್ಣಿನ ಹಾರ್ಮೋನುಗಳು. ಈಸ್ಟ್ರೋಜನ್ "ಸಾಕು" ಎಂಬ ಮಾತಿಗೆ ಬಲ ಕೊಟ್ಟು ಗ್ರೆಲಿನ್‌ನ ಕೂಗನ್ನು ತಗ್ಗಿಸುವುದು ಇಲಿಗಳ ಪ್ರಯೋಗಗಳಲ್ಲಿ ಕಂಡಿದೆ. ಅಂಡಾಶಯ ತೆಗೆದ ಇಲಿಗಳು ಹೆಚ್ಚು ತಿಂದು ದಪ್ಪಗಾದವು. ಈಸ್ಟ್ರೋಜನ್ ಕೊಟ್ಟಾಗ ತಿನ್ನುವುದು ಇಳಿಯಿತು. ಮನುಷ್ಯರಲ್ಲಿಯೂ ಅಂಡ ಬಿಡುಗಡೆಯಾಗುವ ದಿನಗಳ ಸುಮಾರಿಗೆ ಊಟ ತುಸು ಕಡಿಮೆ; ಅನಂತರ ಪ್ರೊಜೆಸ್ಟರಾನ್ ಏರಿದಾಗ, ಅಂದರೆ ಮುಟ್ಟಿಗೆ ಮುಂಚಿನ ದಿನಗಳಲ್ಲಿ, ತುಸು ಹೆಚ್ಚು. ಆಗ ಮೈಯ ಉಷ್ಣವೂ ಸುಮಾರು 0.3ರಿಂದ 0.5 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ಎಲ್ಲರಲ್ಲಿಯೂ ಇದು ಒಂದೇ ಅಳತೆಯಲ್ಲಿರುವುದಿಲ್ಲ. ಆದರೂ ಮಗಳ ಆ ಹಸಿವು ಹೊಟ್ಟೆಬಾಕತನವಾಗಿರಲಿಲ್ಲ ಎಂಬುದು ನನಗೆ ಸ್ಪಷ್ಟವಾಯಿತು.

ಈ ವ್ಯವಹಾರ ಹಿಮ್ಮುಖವಾಗಿಯೂ ನಡೆಯುತ್ತದೆ. ಊಟ ಬಹಳ ಕಡಿಮೆಯಾದರೆ ಲೆಪ್ಟಿನ್ ಕುಸಿಯುತ್ತದೆ. "ಕಣಜ ಬರಿದಾಗುತ್ತಿದೆ, ಈಗ ಗರ್ಭಕ್ಕೆ ಕಾಲವಲ್ಲ" ಎಂದು ಮೆದುಳು ಅಂಡಾಶಯಕ್ಕೆ ಹೋಗುವ ಅಪ್ಪಣೆಯನ್ನೇ ತಡೆಯುತ್ತದೆ. ಈಸ್ಟ್ರೋಜನ್ ಇಳಿದು ಮುಟ್ಟು ನಿಲ್ಲುತ್ತದೆ. ಹೀಗೆಯೇ ಮುಂದುವರಿದರೆ ಮೂಳೆಗಳೂ ಸೊರಗುತ್ತವೆ. ಒಂದು ನಗೆಯ ಬೆಲೆ ಎಷ್ಟೆಂದು ನೋಡಿರಿ!

ನನ್ನಂತೆ ಐವತ್ತು ದಾಟಿದವರಿಗೂ ಒಂದು ಮಾತು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜನ್ ಇಳಿಯುತ್ತದೆ, ಕೊಬ್ಬು ಸೊಂಟ ತೊಡೆಗಳನ್ನು ಬಿಟ್ಟು ಹೊಟ್ಟೆಯ ಸುತ್ತ ಸೇರುತ್ತದೆ. ವಯಸ್ಸಿನೊಂದಿಗೆ ಸ್ನಾಯುಗಳೂ ಕರಗುತ್ತವೆ. ನಿನ್ನೆಯ ಅನ್ನವೇ ಇಂದು ಮೈಗೆ ಹತ್ತುತ್ತದೆ. ಇದಕ್ಕೆ ನಾಚಿಕೆಯೂ ಬೇಡ, ವಾರಕ್ಕೆ ಮೂರು ಉಪವಾಸವೂ ಬೇಡ. ಅನ್ನ ತುಸು ಕಡಿಮೆ, ಮೊಳಕೆಕಾಳಿನ ಉಸಳಿ, ಮಜ್ಜಿಗೆ ತುಸು ಹೆಚ್ಚು, ದಿನವೂ ನಡಿಗೆ: ಇಷ್ಟು ಮಾಡಬಹುದು.

ನನ್ನ ಮಗಳು ಈಗ ಹೊತ್ತುಹೊತ್ತಿಗೆ ಉಣ್ಣುತ್ತಾಳೆ, ಮುಟ್ಟೂ ಸರಿಯಾಗಿದೆ. ತಮ್ಮ ಮನೆಯ ಹೆಣ್ಣುಮಗಳಿಗೆ ಮೂರು ತಿಂಗಳು ಮುಟ್ಟು ತಪ್ಪಿದರೆ ವೈದ್ಯರಲ್ಲಿ ಕರೆದೊಯ್ಯಿರಿ. ಅಷ್ಟರ ಮಟ್ಟಿಗೆ ಬರುವ ಮೊದಲೇ, ನಾಲ್ಕು ಜನರ ಮುಂದೆ ಅವಳ ತುತ್ತುಗಳನ್ನು ಯಾರಾದರೂ ಎಣಿಸತೊಡಗಿದರೆ, ದಯವಿಟ್ಟು ಸುಮ್ಮನಿರಬೇಡಿರಿ.