ಐವತ್ತೊಂದು ಮೂರಾದದ್ದು

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಸ್ವಲ್ಪ ನಡೆದರೆ ಲ್ಯಾಮಿಂಗ್ಟನ್ ರೋಡ್. ಹಲಗೆಯ ಮೇಲೆ ಡಾ. ಭಡಕಮಕರ ಮಾರ್ಗವೆಂದಿದ್ದರೂ ಜನರ ಬಾಯಲ್ಲಿ ಹಳೆಯ ಹೆಸರೇ. ಕಂಪ್ಯೂಟರ್ ಅಂಗಡಿಗಳ ಆ ಬೀದಿಯಲ್ಲಿ ಹಳೆಯ ಯಂತ್ರವೊಂದನ್ನು ಕೊಂಡು, ಜಾವಾ ಭಾಷೆಯನ್ನು ಅಷ್ಟಿಷ್ಟು ಕಲಿತು, ಗಣೇಶೋತ್ಸವದ ವಂತಿಗೆಯ ಪಟ್ಟಿಯನ್ನು ನಾವೇ ತಯಾರಿಸುವೆವೆಂದು ಜಂಬದಿಂದ ಒಪ್ಪಿಕೊಂಡೆವು.

ಪಟ್ಟಿಯೇನೋ ಬಂತು. 101 ರೂಪಾಯಿ ಕೊಟ್ಟವರ ಮುಂದೆ ಇಂಗ್ಲಿಷಿನ ಚಿಕ್ಕ ‘ಇ’. 501 ಕೊಟ್ಟವರ ಮುಂದೆ ತಲೆಯ ಮೇಲೆ ಗೀಟಿರುವ ‘ಜಿ’. 11 ಕೊಟ್ಟ ಹುಡುಗರ ಮುಂದೆ ಬರಿಯ ಬಯಲು. ಯಂತ್ರದ ಚೇಷ್ಟೆಯೆಂದುಕೊಂಡು, ರಸೀದಿ ನೋಡಿ ಅವನ್ನೆಲ್ಲ ಕೈಯಿಂದಲೇ ತಿದ್ದಿ, ಪೂಜೆಯ ಸಂಜೆ ಗಟ್ಟಿಯಾಗಿ ಓದಿದೆವು.

ಪ್ರಸಾದದ ಹೊತ್ತಿಗೆ ಹಿರಿಯರೊಬ್ಬರು ನಮ್ಮನ್ನು ಬದಿಗೆ ಕರೆದರು. ಮೂವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕುಳಿತವರು. “ಅಲ್ಲ ಮಾರಾಯ್ರೆ, ನಾನು ಕೊಟ್ಟದ್ದು ಐವತ್ತೊಂದು. ಮೂರು ರೂಪಾಯಿ ಅಂತ ಎಲ್ಲರ ಮುಂದೆ ಓದಿದಿರಲ್ಲ!” ಎಂದು ರಸೀದಿಯನ್ನು ಮುಂದೆ ಹಿಡಿದರು. ಅವರ ಕೈ ನಡುಗುತ್ತಿತ್ತು. ನಮಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ರಾತ್ರಿಯೆಲ್ಲ ಕುಳಿತಾಗ ಗುಟ್ಟು ತಿಳಿಯಿತು. ಪಠ್ಯದ ಕಡತದಲ್ಲಿ ಇರುವುದೆಲ್ಲ ಅಕ್ಷರಗಳೇ. ಒಂದೊಂದಕ್ಕೂ ಒಂದು ಕ್ರಮಸಂಖ್ಯೆ. ಜಾವಾದ ‘ಫೈಲ್‌ರೈಟರ್’ಗೆ ‘ರೈಟ್’ ಎಂದು 51ನ್ನು ಕೊಟ್ಟರೆ ಅದು ಐವತ್ತೊಂದೆಂದು ಬರೆಯುವುದಿಲ್ಲ. 51ನೆಯ ಸಂಖ್ಯೆಯ ಅಕ್ಷರ ಯಾವುದೆಂದು ಹುಡುಕಿ ಬರೆಯುತ್ತದೆ. ಆ ಅಕ್ಷರವೇ ‘3’. ಯೂನಿಕೋಡ್ ಪಟ್ಟಿಯಲ್ಲಿ ನಮ್ಮ ಕನ್ನಡದ ‘೦’ ಇರುವುದು 3302ರಲ್ಲಿ. ಯಾರಾದರೂ ಪುಣ್ಯಾತ್ಮರು ಅಷ್ಟು ರೂಪಾಯಿ ಕೊಟ್ಟಿದ್ದರೆ ಅವರ ಪಾಲಿಗೆ ಸೊನ್ನೆಯೇ! ‘ಇ’ ಬಿದ್ದ ಕಡೆ ನಮ್ಮ ಕಣ್ಣು ತಪ್ಪನ್ನು ಹಿಡಿಯಿತು. ‘3’ ಅಂಕೆಯ ವೇಷದಲ್ಲಿ ಬಂದುದರಿಂದ ಸುಮ್ಮನೆ ಬಿಟ್ಟುಕೊಟ್ಟಿತು.

ಪರಿಹಾರ ಕಷ್ಟದ್ದಲ್ಲ. ‘ಸ್ಟ್ರಿಂಗ್ ವ್ಯಾಲ್ಯೂ-ಆಫ್’ನಿಂದ ಸಂಖ್ಯೆಯನ್ನು ಮೊದಲು ಬರಹವಾಗಿಸಿ ‘ರೈಟ್’ಗೆ ಕೊಡಬೇಕು, ಇಲ್ಲವೆ ‘ಪ್ರಿಂಟ್‌ರೈಟರ್’ ತಂದು ‘ಪ್ರಿಂಟ್’ ಎನ್ನಬೇಕು. ಅಲ್ಲಿಯೂ ‘ರೈಟ್’ ಎಂದಿರೋ, ಮತ್ತೆ ಅದೇ ಮೂರು ರೂಪಾಯಿ. ಕಛೇರಿಯಲ್ಲಿ ಪ್ರತಿ ಮೊಬಲಗನ್ನೂ ಅಂಕೆಯಲ್ಲೊಮ್ಮೆ, ಅಕ್ಷರದಲ್ಲೊಮ್ಮೆ ಬರೆಯುವ ಗುಮಾಸ್ತರಾದ ನಮಗೆ ಈ ಭೇದ ಮೊದಲೇ ಹೊಳೆಯಬಾರದಿತ್ತೆ?

ಹೊಸ ಪಟ್ಟಿಯನ್ನು ಹಿರಿಯರ ಮನೆಗೇ ಒಯ್ದೆವು. ಕನ್ನಡಕವೇರಿಸಿ ರಸೀದಿ ಪುಸ್ತಕದೊಡನೆ ಒಂದೊಂದಾಗಿ ತಾಳೆ ನೋಡಿದರು. ಮೊತ್ತಗಳೆಲ್ಲ ಸರಿ, ಆದರೆ ಪಟ್ಟಿ ಒಬ್ಬರ ಹೆಸರಿನ ನಡುವೆಯೇ ತುಂಡಾಗಿತ್ತು. ತಿದ್ದುವ ಆತುರದಲ್ಲಿ ‘ಕ್ಲೋಸ್’ ಎಂಬ ಸಾಲನ್ನು ಅಳಿಸಿಬಿಟ್ಟಿದ್ದೆವು. ಕಡತವನ್ನು ಮುಚ್ಚದಿದ್ದರೆ ಕೊನೆಯ ಬರಹ ಯಂತ್ರದ ನೆನಪಿನಲ್ಲೇ ಉಳಿದು ಕಡತಕ್ಕೆ ಸೇರುವುದೇ ಇಲ್ಲ. ಇದನ್ನು ವಿವರಿಸಿದಾಗ ಅವರು ಮೊದಲ ಸಲ ನಕ್ಕರು. “ಗಲ್ಲಾ ಮುಚ್ಚದೆ ಮನೆಗೆ ಹೋದಿರೋ?”

ಮುಂದಿನ ಭಾನುವಾರ ಸಭೆಯಲ್ಲಿ ಪೂರ್ತಿ ಪಟ್ಟಿಯನ್ನು ಮತ್ತೆ ಓದಿದೆವು. ಅವರ ಹೆಸರು ಮೊದಲು: ಐವತ್ತೊಂದು ರೂಪಾಯಿ.