ರಾಡೋ, ಪ್ಲೇಟೋ?

ಕಾಲಿಗೆ ಆಪರೇಷನ್ ಆದವರ ಮನೆಗೆ ಬಂದವರು ಚಪ್ಪಲಿ ಬಿಡುತ್ತಲೇ ಕೇಳುವ ಪ್ರಶ್ನೆ: "ರಾಡೋ, ಪ್ಲೇಟೋ?" ಪ್ಲೇಟು ಎಂದರೆ, "ಅಯ್ಯೋ, ನಮ್ಮ ಷಡ್ಡಕನಿಗೆ ರಾಡೇ ಹಾಕಿದ್ದು, ಅದೇ ಗಟ್ಟಿ" ಎನ್ನುತ್ತಾರೆ. ರಾಡು ಎಂದಿದ್ದರೆ ಷಡ್ಡಕನಿಗೂ ಪ್ಲೇಟು ಹಾಕಿರುತ್ತಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ. ನಮ್ಮ ಮನೆಯವಳು ಬಿದ್ದದ್ದು ಹಿತ್ತಿಲಿನ ಒಗೆಯುವ ಕಲ್ಲಿನ ಹತ್ತಿರ, ಪಾಚಿಯ ಮೇಲೆ. ಬಲಗಾಲಿನ ಹರಡಿನ ಎರಡೂ ಪಕ್ಕದ ಮೂಳೆ ಮುರಿದು, ಹೊರಗಡೆಗೆ ಪ್ಲೇಟು, ಒಳಗಡೆಗೆ ಸ್ಕ್ರೂ. ಆರು ವಾರ ಆ ಕಾಲನ್ನು ನೆಲಕ್ಕೆ ಊರಕೂಡದು, ಮಲಗಿದಾಗ ಎದೆಮಟ್ಟಕ್ಕಿಂತ ಮೇಲಿರಬೇಕು, ಬೆರಳು ಆಡಿಸುತ್ತಿರಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಮನೆಯ ದಿಂಬುಗಳೆಲ್ಲ ಅವಳ ಕಾಲಿನ ಕೆಳಗೆ ಹೋದವು. ನಾನೀಗ ಮಡಿಸಿದ ಜಮಖಾನದ ಮೇಲೆ ತಲೆಯಿಟ್ಟು ಮಲಗುತ್ತೇನೆ.

ನೋಡಲು ಬರುವವರು ಎಳನೀರು, ಮೂಸಂಬಿಯ ಜೊತೆಗೆ ಒಂದೊಂದು ಚಿಕಿತ್ಸೆಯನ್ನೂ ತರುತ್ತಾರೆ. ಹಿಂದಿನ ರಸ್ತೆಯ ಅಜ್ಜಿಯೊಬ್ಬರು ಮಂಗರವಳ್ಳಿ ಚಟ್ನಿಯನ್ನೇ ಡಬ್ಬಿಗೆ ಹಾಕಿಕೊಂಡು ಬಂದರು. ಚೌಕ ಕಾಂಡದ, ಗಂಟುಗಂಟಾಗಿ ಬೆಳೆಯುವ ಆ ಬಳ್ಳಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಹುರಿದು ಧಾರಾಳವಾಗಿ ಹುಣಿಸೆಹಣ್ಣು ಹಾಕದಿದ್ದರೆ ಗಂಟಲೆಲ್ಲ ತುರಿಕೆ. ಅಜ್ಜಿಯ ಕೈ ಚೆನ್ನಾಗಿ ಪಳಗಿದೆ. ಮೂಳೆಗೆ ಎಷ್ಟು ಹತ್ತಿತೋ ಏನೋ, ದೋಸೆಗೆ ಮಾತ್ರ ಚೆನ್ನಾಗಿ ಹೊಂದಿತು. ರಾಗಿಗೆ ಯಾರ ಶಿಫಾರಸೂ ಬೇಕಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದಂಶ ಇದೆ, ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಇನ್ನೊಬ್ಬರು, "ಆಪರೇಷನ್ ಯಾಕೆ ಮಾಡಿಸಿದ್ರಿ, ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿದ್ರೆ ಆಗ್ತಿತ್ತು" ಎಂದರು. ಆಗ ಕೂತಿದ್ದ ಮಂಗಳೂರು ಕಡೆಯ ನೆಂಟರೊಬ್ಬರು ಕಕ್ಕಾಬಿಕ್ಕಿಯಾದರು: "ನಮ್ಮ ಪುತ್ತೂರಲ್ಲಿ ಇರುವುದು ಮಹಾಲಿಂಗೇಶ್ವರ ಅಲ್ವಾ ಮಾರಾಯ್ರೇ?" ಮೂಳೆ ಕಟ್ಟುವ ಪುತ್ತೂರು ಆಂಧ್ರದ್ದು ಎಂದು ತಿಳಿಸಿ ಹೇಳುವಷ್ಟರಲ್ಲಿ ಒಂದು ರೌಂಡು ಕಾಫಿ ಮುಗಿದಿತ್ತು.

ಕಾಫಿಯದೇ ಒಂದು ಅಧ್ಯಾಯ. "ಏನೂ ಬೇಡಿ, ತೊಂದರೆ ತಗೋಬೇಡಿ" ಎನ್ನುತ್ತಲೇ ಬಂದವರು ಸೋಫಾದಲ್ಲಿ ಇನ್ನೊಂದಿಷ್ಟು ಹಿಂದಕ್ಕೆ ಸರಿದು ಕೂರುತ್ತಾರೆ. ಆರೈಕೆ ಮಾಡುವವನ ಹೊತ್ತು ಹೆಚ್ಚು ಹೋಗುವುದು ಮಲಗಿದವರಿಗಾಗಿ ಅಲ್ಲ, ಮಲಗಿದವರನ್ನು ನೋಡಲು ಬಂದವರಿಗಾಗಿ. ಕಾಫಿ ಆದಮೇಲೆ ಎಕ್ಸ್‌ರೇ. ಎಲ್ಲರಿಗೂ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಬೇಕು, ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರೂ ತಲೆಯಾಡಿಸಿ "ಚೆನ್ನಾಗಿ ಕೂತಿದೆ" ಎನ್ನಬೇಕು. ಹೆಂಡತಿಯ ಮೂಳೆಯನ್ನು ಹೀಗೆ ಮೊದಲು ಕಂಡ ಗಂಡ, ಎಕ್ಸ್‌ರೇ ಕಂಡುಹಿಡಿದ ರಾಂಟ್‌ಜನ್. 1895ರ ಕೊನೆಯಲ್ಲಿ, ಜರ್ಮನಿಯ ವೂರ್ಟ್ಸ್‌ಬುರ್ಗ್‌ನಲ್ಲಿ, ವಾರಗಟ್ಟಲೆ ಪ್ರಯೋಗಶಾಲೆ ಸೇರಿಕೊಂಡಿದ್ದವನು ಡಿಸೆಂಬರ್ 22ರಂದು ಹೆಂಡತಿಯನ್ನು ಕರೆದು ಅವಳ ಕೈಯ ಚಿತ್ರ ತೆಗೆದ. ಆ ಚಿತ್ರದಲ್ಲಿ ಬೆರಳಿನ ಮೂಳೆಗಿಂತ ಎದ್ದು ಕಾಣುವುದು ಉಂಗುರ. ನಮ್ಮವಳ ಫಿಲ್ಮಿನಲ್ಲಿ ಕಾಲುಂಗುರ ಇಲ್ಲ. ಆಪರೇಷನ್ನಿಗೆ ಕರೆದೊಯ್ಯುವ ಮುಂಚೆ ನರ್ಸಮ್ಮ ಊದಿದ ಬೆರಳಿಗೆ ಸೋಪು ಹಚ್ಚಿ, ತಿರುಗಿಸಿ ತಿರುಗಿಸಿ ತೆಗೆದು ನನ್ನ ಕೈಗೆ ಹಾಕಿದ್ದರು. ಇಡೀ ದಿನ ಅವು ಷರ್ಟಿನ ಜೇಬಿನಲ್ಲಿ, ಔಷಧಿ ಅಂಗಡಿಯ ಚಿಲ್ಲರೆಯ ಜೊತೆ ಇದ್ದವು. ಬಾವು ಇನ್ನೂ ಪೂರ್ತಿ ಇಳಿದಿಲ್ಲ, ಅವೀಗ ದೇವರ ಮನೆಯ ಅರಿಶಿನದ ಬಟ್ಟಲಿನ ಪಕ್ಕ ಇವೆ.

ಆದರೆ ನನ್ನ ತಕರಾರು ಕಾಲಿನ ಮೇಲಲ್ಲ, ಮನೆಯ ಮೇಲೆ. ನಮ್ಮದು ಮೈಸೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ. ಎರಡು ಕಾಲು ನೆಟ್ಟಗಿರುವವರು, ತಮಗೆ ವಯಸ್ಸೇ ಆಗುವುದಿಲ್ಲವೆಂದು ನಂಬಿ ಕಟ್ಟಿಸಿದ್ದು ಎಂಬುದು ವಾಕರ್ ಬಂದ ದಿನವೇ ತಿಳಿಯಿತು. ಎಲ್ಲ ಬಾಗಿಲಿಗೂ ಹೊಸ್ತಿಲು. ವಾಕರಿನ ಎರಡು ಕಾಲು ಒಳಗೆ, ಎರಡು ಕಾಲು ಹೊರಗೆ, ನಡುವೆ ಇವಳ ಒಂದೇ ಒಂದು ಕಾಲು. ಒಳಗೂ ಅಲ್ಲದ ಹೊರಗೂ ಅಲ್ಲದ ಆ ಜಾಗ ಹಿರಣ್ಯಕಶಿಪುವನ್ನು ಮುಗಿಸುವುದಕ್ಕೆ ಪ್ರಶಸ್ತವೇ ಇರಬಹುದು, ನರಸಿಂಹನಾದರೂ ಅಲ್ಲಿ ಕೂತಿದ್ದ. ಕುಂಟಿಕೊಂಡು ದಾಟುವವರ ಗತಿ ಬೇರೆ. ಬಚ್ಚಲಿಗೆ ಹೊಸ್ತಿಲಿನ ಬದಲು ನಾಲ್ಕಿಂಚು ಕಟ್ಟೆ, ನೀರು ಹೊರಗೆ ಬರಬಾರದೆಂದು. ನೀರಂತೂ ಬಂದಿಲ್ಲ, ಸರಿ. ಈಗ ಇವಳೂ ಒಳಗೆ ಹೋಗುವ ಹಾಗಿಲ್ಲ.

ಮುಂಬಾಗಿಲಿಗೆ ಇಳಿಜಾರು ಮಾಡಿಸಿ ಗಾಲಿಕುರ್ಚಿಯಲ್ಲಿ ಇಳಿಸೋಣವೆಂದು ಲೆಕ್ಕ ಹಾಕಿದೆ. ಒಂದಿಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಅಪಾಯ ಎಂಬುದು ಎಲ್ಲೆಡೆ ಒಪ್ಪಿರುವ ನಿಯಮ. ನಮಗೆ ಆರಾರು ಇಂಚಿನ ಮೂರು ಮೆಟ್ಟಿಲು. ಅಂದರೆ ಹದಿನೆಂಟು ಅಡಿ ಇಳಿಜಾರು. ಗೇಟಿಗೂ ಮೆಟ್ಟಿಲಿಗೂ ನಡುವೆ ಇರುವುದೇ ಐದಡಿ. ಉಳಿದ ಹದಿಮೂರಡಿ ರಸ್ತೆ ದಾಟಿ ಎದುರು ಮನೆಯವರ ಮಲ್ಲಿಗೆ ಬಳ್ಳಿಯ ಬುಡಕ್ಕೆ ಹೋಗಿ ನಿಲ್ಲುತ್ತದೆ. ಅವರು ಒಳ್ಳೆಯವರೇ, ಆದರೂ ಕೇಳಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದಮೇಲೆ ಸಾರ್ವಜನಿಕ ಕಟ್ಟಡಗಳಿಗಾದರೂ ಇಳಿಜಾರು ಕಡ್ಡಾಯವಾಯಿತು. ನಮ್ಮ ಮನೆಗಳಿಗೆ ವಾಸ್ತು ನೋಡುತ್ತೇವೆ, ಈಶಾನ್ಯದಲ್ಲಿ ಸಂಪು ಇದೆಯೇ ಎಂದು ನೋಡುತ್ತೇವೆ, ಮುರಿದ ಕಾಲು ಯಾವ ದಿಕ್ಕಿನಿಂದ ಬಚ್ಚಲಿಗೆ ಹೋಗಬೇಕು ಎಂದು ಯಾರೂ ನೋಡುವುದಿಲ್ಲ.

ವಾಕರಿನ ಇನ್ನೊಂದು ಗುಟ್ಟು ಅದನ್ನು ಹಿಡಿದವರಿಗೇ ಗೊತ್ತು. ಎರಡೂ ಕೈ ಅದಕ್ಕೇ ಮೀಸಲಾದ್ದರಿಂದ ಒಂದು ಲೋಟ ನೀರನ್ನೂ ಒಯ್ಯಲಾಗುವುದಿಲ್ಲ. ಇವಳು ತರಕಾರಿ ಚೀಲವೊಂದನ್ನು ಅದರ ಅಡ್ಡಪಟ್ಟಿಗೆ ಕಟ್ಟಿಸಿಕೊಂಡು ಫೋನು, ಕನ್ನಡಕ, ಮಾತ್ರೆ ಚೀಟಿ ಅದರಲ್ಲಿ ಇಟ್ಟುಕೊಂಡಳು. ಫಿಸಿಯೋ ಹುಡುಗಿ ಭೇಷ್ ಎಂದಳು.

ಕರೆಯಲು ಏನಾದರೂ ಬೇಕಲ್ಲ, ದೇವರ ಗಂಟೆಯನ್ನು ತಂದು ಮಂಚದ ಪಕ್ಕ ಇಟ್ಟೆ. "ಅದನ್ನ ಮೊದಲು ಒಳಗಿಡಿ" ಎಂದಳು. ಬದಲಿಗೆ ಸ್ಟೀಲು ಲೋಟ, ಒಂದು ಚಮಚ. ಟಿಣ್ ಟಿಣ್ ಎಂದರೆ ನಾನು ಹೋಗಬೇಕು ಎಂದು ಒಪ್ಪಂದವಾಯಿತು. ಚಮಚ ಬಾರಿಸಿದ್ದು ಯಾವಾಗ ಯಾವಾಗ? ಒಗ್ಗರಣೆಗೆ ಹಾಕಿದ ಸಾಸಿವೆ ಪೂರ್ತಿ ಸಿಡಿಯುವ ಮುಂಚೆ ನಾನು ಕರಿಬೇವು ಹಾಕಿದಾಗ. ಮಂಚದಿಂದ ಒಲೆಗೆ ಎರಡು ಗೋಡೆ ಅಡ್ಡ, ಆದರೂ ಕೇಳಿಸುತ್ತದೆ. ಹಾಲಿನವನಿಗೆ ದುಡ್ಡು ಕೊಡಬೇಕಾದಾಗ. ಕೆಲಸದಾಕೆಯ ಮಗಳಿಗೆ ಪರೀಕ್ಷೆ ಇದೆ, ಅವಳನ್ನು ಬೇಗ ಕಳಿಸಿ ಎನ್ನಲು. "ಬೋರ್ನ್‌ವೀಟಾ ಡಬ್ಬೀಲಿ ಹುರಿಗಡಲೆ ಇದೆ, ಹುರಿಗಡಲೆ ಡಬ್ಬೀಲಿ ಕಡಲೆಬೇಳೆ, ಸರಿಯಾಗಿ ನೋಡ್ರೀ" ಎನ್ನಲು.

ತನಗೆ ಏನಾದರೂ ಬೇಕಾದಾಗ ಮಾತ್ರ ಚಮಚ ಸುಮ್ಮನಿರುತ್ತದೆ. ಪಕ್ಕದಲ್ಲಿಟ್ಟ ನೀರಿನ ಬಾಟಲಿ ಸಂಜೆಯಾದರೂ ಅರ್ಧ ಇಳಿಯದಿದ್ದದ್ದನ್ನು ಕಂಡು ಕೇಳಿದೆ.

"ಬಾಯಾರಿಕೆ ಇಲ್ಲಾರೀ."

"ಈ ಬಿಸಿಲಲ್ಲಿ?"

"ಕುಡಿದ್ರೆ ಮತ್ತೆ ಎಬ್ಬಿಸಬೇಕಲ್ಲ ನಿಮ್ಮನ್ನ, ರಾತ್ರಿ."

ಕಾಲಿನ ಆಪರೇಷನ್ ಆದವರ ಮನೆಗಳಲ್ಲಿ ಈ ಜಗಳ ಸಾಮಾನ್ಯವಂತೆ. ಫಿಸಿಯೋ ಹುಡುಗಿಯೇ ಹೇಳಿದಳು, ಹೆಂಗಸರಲ್ಲಿ ಹೆಚ್ಚು ಎಂದೂ ಸೇರಿಸಿದಳು. ಅಲ್ಲಾಡದೆ ಮಲಗಿದವರು ನೀರನ್ನೂ ಬಿಟ್ಟರೆ ಮಲಬದ್ಧತೆ, ಉರಿಮೂತ್ರ ಒಂದೊಂದಾಗಿ ಬರುತ್ತವೆ, ರಕ್ತ ಹೆಪ್ಪುಗಟ್ಟುವ ಭಯವೂ ಹೆಚ್ಚು. ಅದಕ್ಕೆಂದೇ ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ಬರೆದುಕೊಟ್ಟಿದ್ದರು. ಅದನ್ನು ತುಟಿಪಿಟಕ್ಕೆನ್ನದೆ ಹಾಕಿಸಿಕೊಂಡವಳು ನೀರಿನ ವಿಷಯಕ್ಕೆ ಹಟ ಹಿಡಿದಳು. ಮೂವತ್ತು ಚಿಲ್ಲರೆ ವರ್ಷ ನನ್ನ ಜ್ವರ, ನೆಗಡಿ, ಮೂಲವ್ಯಾಧಿ ಎಲ್ಲವನ್ನೂ ನೋಡಿಕೊಂಡವಳಿಗೆ, ನಾನು ರಾತ್ರಿ ಒಮ್ಮೆ ಎದ್ದರೆ ಅದು ದೊಡ್ಡ ಸಾಲವಾಗಿ ಕಾಣುತ್ತದೆ. ಬಾಡಿಗೆಗೆ ತಂದ ಕಮೋಡ್ ಕುರ್ಚಿಯನ್ನು ಮಂಚದ ಪಕ್ಕಕ್ಕೇ ಎಳೆದಿಟ್ಟೆ. ಅದಕ್ಕೂ ಹಳೆಯ ಸೀರೆಯೊಂದನ್ನು ಹೊದಿಸಿದ್ದಾಳೆ, ಬಂದವರಿಗೆ ಕಾಣಬಾರದಂತೆ. ಈಗ ಬಂದವರಲ್ಲಿ ಕೆಲವರು ಅದರ ಮೇಲೇ ಕೂರಲು ಹೋಗುತ್ತಾರೆ.

ಮೊನ್ನೆ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಬಚ್ಚಲಿನ ಕಟ್ಟೆ ಒಡೆಯಬೇಕು, ಗೋಡೆಗೆ ಹಿಡಿಕೆ ಕೂರಿಸಬೇಕು, ಒಳಗಿನ ಹೊಸ್ತಿಲುಗಳನ್ನೂ ತೆಗೆದರೆ ಆದೀತೇ ಎಂದು ಕೇಳಿದೆ. ನಡೆದಾಡುವಂತಾದರೂ ನಮಗೇನು ವಯಸ್ಸು ಇಳಿಯುವುದಿಲ್ಲವಲ್ಲ. ಮೇಸ್ತ್ರಿ ಟೇಪು ಹಿಡಿದು ಅಳೆದ, ಗೋಡೆಯನ್ನು ಗೆಣ್ಣಿನಿಂದ ತಟ್ಟಿದ, "ಹಿಡಿಕೆ ನಾಳೇನೇ ಹಾಕ್ತೀನಿ ಸಾರ್. ಹೊಸ್ತಿಲು ಮುಟ್ಟೋದಾದ್ರೆ ಅಮ್ಮಾವ್ರನ್ನ ಒಂದ್ಮಾತು ಕೇಳಿ" ಎಂದ. ಅಷ್ಟರಲ್ಲಿ ರೂಮಿನಿಂದ ಲೋಟ ಟಿಣ್ ಟಿಣ್ ಎಂದಿತು. ಹೊಸ್ತಿಲಿನ ಮಾತು ಕಿವಿಗೆ ಬಿತ್ತು, ಇನ್ನು ರಾಮಾಯಣ ಶುರು ಎಂದುಕೊಂಡು ಹೋದೆ.

"ಮೇಸ್ತ್ರಿಗೆ ಕಾಫಿ ಕೊಟ್ರಾ?" ಎಂದಳು.