ಡೋಣಿ ಇಳಿಯುವವರೆಗೆ

ತಾಳಿಕೋಟೆ, ಸರಿರಾತ್ರಿ

ಅಕ್ಕನವರಿಗೆ,

ಮಹಾರಾಷ್ಟ್ರದ ಜತ್ ತಾಲ್ಲೂಕಿನಲ್ಲಿ ಹುಟ್ಟಿ, ವಿಜಯಪುರ ಜಿಲ್ಲೆಯ ಎರೆಭೂಮಿಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಡೋಣಿ ನದಿಯು ಬೇಸಗೆಯಲ್ಲಿ ಸವಳು ನೀರಿನ ಹಳ್ಳದಂತಿದ್ದು, ಮೇಲ್ಭಾಗದಲ್ಲಿ ಮಳೆ ಜೋರಾದೊಡನೆ ಹೊಲಗಳ ಮೇಲೆಲ್ಲ ಹರಡುವುದರಿಂದ, ಗಾಳ ಹಿಡಿದು ಬಂದವನು ಮೊದಲು ಕಾಯುವುದನ್ನು ಕಲಿಯಬೇಕಾಗುತ್ತದೆ. ಹಡಗಿನಾಳದ ಕೆಳಮಟ್ಟದ ಸೇತುವೆ ಮುಳುಗಿ, ಬಸ್ಸು ತಾಳಿಕೋಟೆಯಲ್ಲೇ ನಿಂತಿದೆ. ಅವ್ವನ ಆತಂಕಕ್ಕೆ ಉತ್ತರವಿಷ್ಟೇ: ಹೊಳೆಗೆ ಯಾರೂ ಇಳಿದಿಲ್ಲ.

ಫ್ಲೈ ಫಿಶಿಂಗ್, ಎಂದರೆ ಗಾಳಕ್ಕೆ ನೂಲು ಮತ್ತು ಗರಿ ಸುತ್ತಿ ಕೀಟವೆಂಬ ಭ್ರಮೆ ಹುಟ್ಟಿಸಿ ಮೀನು ಹಿಡಿಯುವ ಪದ್ಧತಿ, ಈ ದಡದಲ್ಲಿ ರೂಢಿಯಲ್ಲಿಲ್ಲ. ಆದರೂ ಮೀನು ಈಗ ಏನನ್ನು ತಿನ್ನುತ್ತಿದೆ ಎಂಬ ಅದರ ಮೂಲ ಪ್ರಶ್ನೆ ಇಲ್ಲಿಗೂ ಸಲ್ಲುತ್ತದೆ. ಎರೆಮಣ್ಣಿನ ಕಣಗಳು ಅತಿ ಸೂಕ್ಷ್ಮವಾದುದರಿಂದ ನೆರೆ ಇಳಿದ ಮೇಲೂ ನೀರು ಬೇಗ ತಿಳಿಯಾಗದು, ಅಂಥ ಬಗ್ಗಡದಲ್ಲಿ ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಗರಿಯ ಹುಳು ಕಾಣದು. ಮೇಫ್ಲೈ ಎಂಬ ಕೀಟದ ಮರಿಗಳು, ಕಿವಿರುಗಳಿಂದ ನೀರಿನಲ್ಲೇ ಉಸಿರಾಡುವ 'ನಿಂಫ್' ಅವಸ್ಥೆಯಲ್ಲಿ, ಸೆಳವಿಗೆ ಸಿಕ್ಕಿ ಕೊಚ್ಚಿಹೋಗುತ್ತವೆ ಅಥವಾ ಕೆಸರಿನಡಿ ಸಾಯುತ್ತವೆ; ಉಳಿದವು ಮೇಲೇರಿ ರೆಕ್ಕೆ ಪಡೆದು, ಏನನ್ನೂ ತಿನ್ನದೆ ಮೊಟ್ಟೆಯಿಟ್ಟು, ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಮುಗಿದುಹೋಗುತ್ತವೆ. ನೆರೆಯ ಹೊತ್ತಿನಲ್ಲಿ ಮೀನನ್ನು ಸಾಕುವುದು ಹೆಚ್ಚಾಗಿ ನೆಲವೇ: ಹೊಲದಿಂದ ಹರಿದುಬಂದ ಎರೆಹುಳು, ಮಳೆಯಾದ ಸಂಜೆ ಗೂಡಿನಿಂದ ಏಳುವ ಈಸಲು ಹುಳು, ಎಂದರೆ ರೆಕ್ಕೆ ಮೂಡಿದ ಗೆದ್ದಲು.

ಈಸಲು ಹುಳುವಿನ ಸಂಖ್ಯಾಬಲ ಅರಿವಾದದ್ದು ಊಟಕ್ಕೆ ಕುಳಿತಾಗ. ಬಸ್ಸು ಮುಂದೆ ಹೋಗದೆ ನಿಂತುದನ್ನು ಕಂಡ ವೃದ್ಧ ರೈತರೊಬ್ಬರು ಗುರುತಿಲ್ಲದ ಪ್ರಯಾಣಿಕನನ್ನು ಮನೆಗೆ ಕರೆದೊಯ್ದು, "ಮನ್ಯಾಗ ಹೇಳೀರೇನು?" ಎಂದು ಮೊದಲು ತಮ್ಮ ಮೊಬೈಲನ್ನೇ ಕೈಗಿತ್ತರು (ಮನೆಗೆ ಬಂದ ಅಪರಿಚಿತ ಸಂಖ್ಯೆಯ ಕರೆ ಅದೇ). ಆ ಬಳಿಕ ಬಲ್ಬಿನ ಕೆಳಗೆ ನೀರು ತುಂಬಿದ ಪರಾತ ಇಡಿಸಿ, "ಹುಳ ಅಲ್ಲಿ ಬೀಳ್ತಾವ, ನೀವು ಇಲ್ಲಿ ಉಣ್ರಿ" ಎಂದರು. ಬಿಸಿ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬೇಡವೆಂದಷ್ಟೂ ತಟ್ಟೆಗೆ ರೊಟ್ಟಿ ಬಂದುದಲ್ಲದೆ, ಹೊಟ್ಟೆ ಸರಿಯಿಲ್ಲವೇನೋ ಎಂದು ಆ ಮನೆಯ ತಾಯಿ ಕಳವಳಪಟ್ಟರು. ಊಟ ಮುಗಿಯುವಷ್ಟರಲ್ಲಿ ಪರಾತದ ನೀರು ಕಾಣದಂತೆ ರೆಕ್ಕೆಗಳು ಮುಚ್ಚಿದ್ದವು. ಬೆಳಗಾದರೆ ಅವು ಕೋಳಿಗಳ ಪಾಲಂತೆ. ಗಾಳದ ಮಾತು ಬಂದಾಗ ಹಿರಿಯರು, "ಹಳ್ಳ ತಿಳಿ ಆಗಿ ಹೊಳಿಗೆ ಕೂಡೂ ಜಾಗಾ ನೋಡ್ರಿ" ಎಂದರು. ಸಣ್ಣ ಹಳ್ಳದ ಜಲಾನಯನ, ಎಂದರೆ ಅದಕ್ಕೆ ಮಳೆನೀರು ಒದಗಿಸುವ ಪ್ರದೇಶ, ಕಿರಿದಾದುದರಿಂದ ಅದು ನದಿಗಿಂತ ಮೊದಲೇ ತಿಳಿಯಾಗುತ್ತದೆ; ಗ್ರಂಥಗಳ ಸಲಹೆಯೂ ಇದಕ್ಕಿಂತ ಮೇಲಾದುದಲ್ಲ.

ಅವ್ವನ ರಕ್ತದೊತ್ತಡದ ಗುಳಿಗೆ ಮುಗಿಯುವ ಮೊದಲೇ ತರಿಸಿಡಬೇಕು. ಡೋಣಿ ಸಾಲಿನ ಬಿಳಿಜೋಳ ಒಂದು ಚೀಲ ತರುವ ವಿಚಾರವಿದೆ, ಆದರೆ ಸೇತುವೆ ತೆರೆದ ಮೇಲೆ ಅದನ್ನು ಬಸ್ಸಿಗೆ ಹಾಕುವುದೋ ಇಲ್ಲವೆ... ಭಾವನವರು ನಿಲ್ದಾಣಕ್ಕೆ ಬರಬಲ್ಲರೇ ಎಂದು ಕೇಳಿ ತಿಳಿಸಬೇಕು.